ಮೂಗಿಗೆ ಏರುವ ಫ್ರೆಂಚ್ ಸಾಸಿವೆ: ಕೊಳ್ಳುವುದು, ರುಬ್ಬುವುದು, ಬಳಸುವುದು

ಸಾಸಿವೆಯನ್ನು ಕಾದ ಎಣ್ಣೆಗೆ ಹಾಕಿ ಚಟಪಟ ಸಿಡಿಸಿದರೆ ಖಾರ ಬರುವುದಿಲ್ಲ. ಹುರಿದ ಘಮ ಬರುತ್ತದೆ, ಅಷ್ಟೆ. ಅದೇ ಕಾಳನ್ನು ಹಸಿಯಾಗಿ ನೀರು ಹಾಕಿ ಅರೆದರೆ ಘಾಟು ನೇರವಾಗಿ ಮೂಗಿಗೆ ಏರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಮಾವಿನಹಣ್ಣಿನ ಸಾಸಿವೆ ಮಾಡುವ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಇದು ಗೊತ್ತಿರುವ ವಿಷಯ. ಉಪ್ಪಿನಕಾಯಿಗೆ ಹಸಿ ಸಾಸಿವೆ ಪುಡಿ ಬೆರೆಸುವವರಿಗೂ ಗೊತ್ತು. ಫ್ರಾನ್ಸಿನ ಡಿಜಾನ್ ಸಾಸಿವೆ, ಅಂದರೆ ಹಸಿ ಸಾಸಿವೆಯನ್ನು ಹುಳಿ, ಉಪ್ಪಿನ ಜೊತೆ ಅರೆದು ಬಾಟಲಿಗೆ ತುಂಬುವ ಪೇಸ್ಟ್, ಪೂರ್ತಿಯಾಗಿ ನಿಂತಿರುವುದು ಈ ಎರಡನೇ ದಾರಿಯ ಮೇಲೆಯೇ.

ಇನ್ನೂ ಒಂದು ಸಂಗತಿ ಇದೆ. ಡಿಜಾನ್ ಸಾಸಿವೆಗೆ ಇವತ್ತು ಬಳಸುವ ಕಂದು ಕಾಳು ಬ್ರಾಸಿಕಾ ಜುನ್ಸಿಯಾ ಅನ್ನುವ ಗಿಡದ್ದು. ನಮ್ಮ ದಿನಸಿ ಅಂಗಡಿಯಲ್ಲಿ ಸಿಗುವ ಕಪ್ಪು-ಕಂದು ಸಾಸಿವೆಯೂ ಹೆಚ್ಚಿನ ಪಾಲು ಅದೇ ಗಿಡದ್ದು. ಹಾಗಾಗಿ ಮುಖ್ಯ ಸಾಮಗ್ರಿಗೆ ಎಲ್ಲೂ ಹುಡುಕಬೇಕಾಗಿಲ್ಲ, ಅದು ಆಗಲೇ ಅಡುಗೆಮನೆಯಲ್ಲಿದೆ. ಬೇಕಾಗಿರುವುದು ಹುಳಿ, ಉಪ್ಪು, ಕೆಲವು ದಿನಗಳ ತಾಳ್ಮೆ ಮತ್ತು ಒಂದು ನಿಯಮ: ಕಾಳು ಎಲ್ಲೂ ಬಿಸಿ ಕಾಣಬಾರದು.

ಖಾರ ಹುಟ್ಟುವುದು ಎಲ್ಲಿ

ಒಣ ಸಾಸಿವೆ ಕಾಳನ್ನು ಹಾಗೇ ಮೂಸಿ ನೋಡಿ. ಏನೂ ವಾಸನೆ ಇರುವುದಿಲ್ಲ. ಖಾರ ಕಾಳಿನಲ್ಲಿ ಸಿದ್ಧವಾಗಿ ಕೂತಿರುವುದಿಲ್ಲ. ಕಾಳಿನೊಳಗೆ ಸಿನಿಗ್ರಿನ್ ಅನ್ನುವ ಪದಾರ್ಥ ಒಂದು ಕಡೆ, ಮೈರೋಸಿನೇಸ್ ಅನ್ನುವ ಕಿಣ್ವ ಇನ್ನೊಂದು ಕಡೆ ಬೇರೆ ಬೇರೆಯಾಗಿ ಇರುತ್ತವೆ. ಕಾಳು ಒಡೆದು, ನೀರು ಸೇರಿದಾಗ ಮಾತ್ರ ಎರಡೂ ಒಂದಾಗುತ್ತವೆ. ಆಗ ಹುಟ್ಟುವುದೇ ಅಲೈಲ್ ಐಸೋಥಯೋಸಯನೇಟ್. ಜಪಾನಿನ ವಸಾಬಿಯಲ್ಲಿ ಮೂಗಿಗೆ ಏರುವುದೂ ಇದೇ ವಸ್ತು. ಗಾಳಿಯಲ್ಲಿ ಬೇಗ ಹಾರುವ ಗುಣ ಇದಕ್ಕಿದೆ. ಮೆಣಸಿನಕಾಯಿಯ ಖಾರ ನಾಲಿಗೆಯ ಮೇಲೆ ಉಳಿಯುತ್ತದೆ, ಸಾಸಿವೆಯ ಖಾರ ಮೂಗಿಗೆ ಹೋಗಿ ಅರೆಗಳಿಗೆಯಲ್ಲಿ ಮಾಯವಾಗುತ್ತದೆ. ಕಾರಣ ಇದೇ.

ಇಷ್ಟು ತಿಳಿದರೆ ಮುಂದಿನ ಎಲ್ಲ ಹೆಜ್ಜೆಗಳೂ ತಾವಾಗಿ ಅರ್ಥವಾಗುತ್ತವೆ. ಬಿಸಿ ನೀರು ಹಾಕಿದರೆ ಕಿಣ್ವ ಕೆಟ್ಟುಹೋಗುತ್ತದೆ, ಖಾರ ಹುಟ್ಟುವುದೇ ಇಲ್ಲ. ಒಗ್ಗರಣೆಯಲ್ಲಿ ಆಗುವುದೂ ಅದೇ. ಬರೀ ತಣ್ಣೀರು ಹಾಕಿದರೆ ಖಾರ ಜೋರಾಗಿ ಹುಟ್ಟುತ್ತದೆ, ಆದರೆ ಅಷ್ಟೇ ಬೇಗ ಇಳಿದುಹೋಗುತ್ತದೆ. ಹುಳಿ ಸೇರಿಸಿದರೆ ಕಿಣ್ವದ ಕೆಲಸ ನಿಧಾನವಾಗುತ್ತದೆ, ಹುಟ್ಟಿದ ಖಾರವೂ ತುಂಬಾ ದಿನ ನಿಲ್ಲುತ್ತದೆ. ಡಿಜಾನಿನವರು ನೂರಾರು ವರ್ಷ ಹಿಂದೆಯೇ ಹಿಡಿದ ಗುಟ್ಟು ಇದು. ರಸಾಯನಶಾಸ್ತ್ರದ ಹೆಸರುಗಳು ಬಂದದ್ದು ಆಮೇಲೆ.

ಡಿಜಾನ್‌ಗೆ ಈ ಹೆಸರು ಬಂದದ್ದು

ಡಿಜಾನ್ ನಗರ ಇರುವುದು ಫ್ರಾನ್ಸಿನ ಬರ್ಗಂಡಿ ಪ್ರದೇಶದಲ್ಲಿ. ವೈನ್‌ಗೆ ಹೆಸರಾದ ನಾಡು. ದ್ರಾಕ್ಷಿ ಇದ್ದ ಕಡೆ ವೈನ್, ವೈನ್ ಇದ್ದ ಕಡೆ ವಿನೆಗರ್. ಸಾಸಿವೆ ಅರೆಯುವುದಕ್ಕೆ ಇದಕ್ಕಿಂತ ಬೇರೇನು ಬೇಕು? ಅಲ್ಲಿನ ಕಾಡುಗಳಲ್ಲಿ ಇದ್ದಿಲು ಸುಡುವವರು, ಬೂದಿ ಬಿದ್ದು ಫಲವತ್ತಾದ ಬಯಲಿನಲ್ಲಿ ಸಾಸಿವೆ ಬಿತ್ತುತ್ತಿದ್ದರು ಎಂದು ಹೇಳುತ್ತಾರೆ. 1634ರ ಹೊತ್ತಿಗೆ ಡಿಜಾನಿನ ವಿನೆಗರ್ ಮತ್ತು ಸಾಸಿವೆ ತಯಾರಕರ ಸಂಘಕ್ಕೆ ಕಟ್ಟುನಿಟ್ಟಾದ ನಿಯಮಗಳೇ ಇದ್ದವು.

ರುಚಿಯ ದೊಡ್ಡ ತಿರುವು ಬಂದದ್ದು ಆಮೇಲೆ ಎನ್ನುತ್ತಾರೆ. ಜಾನ್ ನೆಜೋಂ ಎಂಬ ತಯಾರಕ ವಿನೆಗರ್ ಬದಲು ಬಲಿಯದ ಹಸಿ ದ್ರಾಕ್ಷಿಯ ರಸ ಬಳಸಿದ. ಫ್ರೆಂಚರು ಅದನ್ನು ವೆರ್ಜೂ ಎನ್ನುತ್ತಾರೆ. ಅದರ ಹುಳಿ ವಿನೆಗರ್‌ನಷ್ಟು ಒರಟಲ್ಲ, ಮೂಗಿಗೆ ಬೇರೆ ವಾಸನೆ ಹೊಡೆಯುವುದಿಲ್ಲ. ಸಾಸಿವೆಯ ಘಾಟು ಮುಂದೆ ನಿಲ್ಲುತ್ತದೆ. ಇವತ್ತಿನ ಕಾರ್ಖಾನೆ ಬಾಟಲಿಗಳಲ್ಲಿ ವೆರ್ಜೂ ಅಪರೂಪ. ವಿನೆಗರ್ ಅಥವಾ ಬಿಳಿ ವೈನ್ ಇರುತ್ತದೆ. ಮನೆಯಲ್ಲಿ ಮಾಡುವವರಿಗಾದರೆ ಇದು ಸಾಧ್ಯ. ವಿಜಯಪುರ, ಬಾಗಲಕೋಟೆ ಕಡೆಯ ಓದುಗರ ಸುತ್ತಮುತ್ತ ದ್ರಾಕ್ಷಿ ತೋಟಗಳೇ ಇವೆಯಲ್ಲ, ಕಾಯಿ ಹುಳಿಯಾಗಿರುವಾಗ ಒಂದೆರಡು ಗೊಂಚಲು ಸಿಕ್ಕರೆ ಬಿಡಬೇಡಿ.

ಅಂಗಡಿಯಲ್ಲಿ ಕೊಳ್ಳುವಾಗ

ಮೊದಲು ಒಂದು ಗೊಂದಲ ಬಿಡಿಸೋಣ. ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವ ಗಾಢ ಹಳದಿ ಬಣ್ಣದ, ಹಾಟ್‌ಡಾಗ್ ಮೇಲೆ ಹಿಂಡುವ ಸಾಸಿವೆ ಅಮೆರಿಕದ್ದು. 'ಫ್ರೆಂಚ್ಸ್' ಅಂತ ಬ್ರ್ಯಾಂಡ್ ಹೆಸರಿದ್ದರೂ ಅದು ಅಮೆರಿಕದ ಕಂಪನಿ. ಅದಕ್ಕೆ ಬಿಳಿ ಸಾಸಿವೆ ಹಾಕುತ್ತಾರೆ, ಬಣ್ಣಕ್ಕೆ ಅರಿಶಿನ ಸೇರಿಸುತ್ತಾರೆ. ಬಿಳಿ ಸಾಸಿವೆಯ ಖಾರ ಬೇರೆ ಜಾತಿಯದು. ನಾಲಿಗೆಯ ಮೇಲೆ ಮೆಲ್ಲಗೆ ಉಳಿಯುತ್ತದೆ, ಮೂಗಿಗೆ ಏರುವುದಿಲ್ಲ. ಅದನ್ನು ತಿಂದು ಫ್ರೆಂಚ್ ಸಾಸಿವೆ ಇಷ್ಟೇನಾ ಅಂದುಕೊಳ್ಳಬೇಡಿ.

ನಿಜವಾದ ಫ್ರೆಂಚ್ ಬಾಟಲಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಡಿಜಾನ್: ನುಣ್ಣಗೆ, ತಿಳಿ ಹಳದಿ, ಸಿಪ್ಪೆ ಪೂರ್ತಿ ಶೋಧಿಸಿ ತೆಗೆದದ್ದು. ಇನ್ನೊಂದು, ಆ ಲಾಂಸಿಯೆನ್, ಅಂದರೆ ಹಳೆಯ ಕಾಲದ ರೀತಿಯದು. ಅದರಲ್ಲಿ ಕಾಳು ಅರ್ಧಂಬರ್ಧ ಒಡೆದಿರುತ್ತದೆ, ಬಾಯಲ್ಲಿ ಪಟಪಟ ಸಿಕ್ಕುತ್ತದೆ, ಖಾರ ಕಡಿಮೆ. ಪ್ಯಾರಿಸ್ ಹತ್ತಿರದ ಮೋ ಪಟ್ಟಣದ ಹೆಸರಿನ ಕಾಳು ಸಾಸಿವೆ ಪಿಂಗಾಣಿ ಭರಣಿಯಲ್ಲಿ ಅರಗಿನ ಮುದ್ರೆ ಹಾಕಿ ಬರುತ್ತದೆ. ನೋಡಲಿಕ್ಕೂ ಚೆಂದ.

ಡಿಜಾನ್ ಎಂದು ಬರೆದ ಮಾತ್ರಕ್ಕೆ ಅದು ಡಿಜಾನಿನಲ್ಲೇ ತಯಾರಾಗಿರಬೇಕು ಎಂದಿಲ್ಲ. 1937ರಲ್ಲಿ ಫ್ರಾನ್ಸ್ ಸರ್ಕಾರ ತಂದ ನಿಯಮ ಆ ಹೆಸರನ್ನು ತಯಾರಿಸುವ ವಿಧಾನಕ್ಕೆ ಕಟ್ಟಿತು, ಊರಿಗಲ್ಲ. ಕಪ್ಪು ಅಥವಾ ಕಂದು ಸಾಸಿವೆ, ಶೋಧಿಸಿದ ಹಿಟ್ಟು, ಇಷ್ಟಿದ್ದರೆ ಎಲ್ಲಿ ಮಾಡಿದರೂ ಡಿಜಾನ್. ಡಿಜಾನ್ ನಗರದೊಳಗೆ ಇದ್ದ ಅಮೋರಾ ಬ್ರ್ಯಾಂಡಿನ ಸಾಸಿವೆ ಕಾರ್ಖಾನೆ 2009ರಲ್ಲಿ ಮುಚ್ಚಿತು. ಅದೇ ವರ್ಷ 'ಬರ್ಗಂಡಿ ಸಾಸಿವೆ', ಅಂದರೆ ಮುತಾರ್ದ್ ದ ಬೂರ್ಗೋನ್ ಎಂಬ ಹೆಸರಿಗೆ ಯುರೋಪಿನಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿತು. ಇದಕ್ಕೆ ಕಾಳೂ ಬರ್ಗಂಡಿಯದೇ ಆಗಬೇಕು, ಬಿಳಿ ವೈನೂ ಬರ್ಗಂಡಿಯದೇ ಆಗಬೇಕು. ಒಂದೇ ಒಂದು ಬಾಟಲಿ ಕೊಳ್ಳುವುದಾದರೆ, ಯಾರಾದರೂ ಫ್ರಾನ್ಸಿನಿಂದ ತರುವವರಿದ್ದರೆ, ನಾನು ಇದನ್ನೇ ತರಿಸಿ ಎನ್ನುತ್ತೇನೆ. ಬರ್ಗಂಡಿಯ ಬೋನ್ ಪಟ್ಟಣದಲ್ಲಿ ಇವತ್ತು ಫಾಲೋ ಹೆಸರಿನಲ್ಲಿರುವ ಸಾಸಿವೆ ಗಿರಣಿ 1840ರಿಂದ ನಡೆಯುತ್ತಿದೆ. ಅಲ್ಲಿ ಇನ್ನೂ ಕಲ್ಲಿನಲ್ಲಿಯೇ ಬೀಸುತ್ತಾರೆ.

ಕಾಳಿನ ಮಾತು ಬಂತಲ್ಲ, ಅದರ ಕಥೆ ಸ್ವಲ್ಪ ಬೇಸರದ್ದು. ಫ್ರಾನ್ಸಿನ ಸಾಸಿವೆಗೆ ಬೇಕಾದ ಕಾಳು ಹೆಚ್ಚಿನದು ಬರುತ್ತಿದ್ದದ್ದು ಕೆನಡಾದಿಂದ. 2021ರಲ್ಲಿ ಅಲ್ಲಿ ಬಿಸಿಲು, ಬರ ಸೇರಿ ಬೆಳೆ ನೆಲಕಚ್ಚಿತು. 2022ರ ಬೇಸಿಗೆಯಲ್ಲಿ ಫ್ರಾನ್ಸಿನ ಅಂಗಡಿಗಳ ಸಾಸಿವೆ ಕಪಾಟುಗಳೇ ಖಾಲಿ. ಎಷ್ಟೋ ಕಡೆ ಒಬ್ಬರಿಗೆ ಒಂದೇ ಬಾಟಲಿ ಎಂದು ಬೋರ್ಡ್ ಹಾಕಿದ್ದರು. ಅದಾದ ಮೇಲೆ ಬರ್ಗಂಡಿಯ ರೈತರು ಮತ್ತೆ ಜಾಸ್ತಿ ಸಾಸಿವೆ ಬಿತ್ತಲು ಮುಂದಾದರು.

ಬಾಟಲಿಯ ಹಿಂದೆ ಸಾಮಗ್ರಿ ಪಟ್ಟಿ ಓದಿ. ನೀರು, ಸಾಸಿವೆ, ವಿನೆಗರ್, ಉಪ್ಪು, ಇವು ಇದ್ದರೆ ಸಾಕು. ಸಿಟ್ರಿಕ್ ಆಮ್ಲ, ಸಲ್ಫೈಟ್ ಸಾಮಾನ್ಯವಾಗಿ ಇರುತ್ತವೆ, ಬಣ್ಣ ಕೆಡದಿರಲಿ ಎಂದು. ಪಿಷ್ಟ, ಸಕ್ಕರೆ, ಅರಿಶಿನ ಮೊದಲ ಸಾಲಿನಲ್ಲೇ ಕಂಡರೆ ಆ ಬಾಟಲಿ ಬಿಡಿ.

ಮನೆಯಲ್ಲಿ ಮಾಡೋಣ

ಒಂದು ಮಧ್ಯಮ ಬಾಟಲಿಗೆ ಬೇಕಾಗುವಷ್ಟು ಅಳತೆ:

- ಕಂದು ಸಾಸಿವೆ 100 ಗ್ರಾಂ
- ಬಿಳಿ ವೈನ್ 120 ಮಿ.ಲೀ., ಸಿಹಿ ಇಲ್ಲದ್ದು
- ವೈನ್ ವಿನೆಗರ್ ಅಥವಾ ಸೇಬಿನ ವಿನೆಗರ್ 80 ಮಿ.ಲೀ.
- ಉಪ್ಪು ಒಂದೂಕಾಲು ಟೀ ಚಮಚ
- ಸಕ್ಕರೆ ಅರ್ಧ ಟೀ ಚಮಚ, ಬೇಕಿದ್ದರೆ ಮಾತ್ರ

ವೈನ್ ಬೇಡ ಎನ್ನುವ ಮನೆಗಳೇ ಜಾಸ್ತಿ. ಇಲ್ಲಿ ಏನನ್ನೂ ಕುದಿಸುವುದಿಲ್ಲ, ಹಾಗಾಗಿ ಮದ್ಯದ ಅಂಶ ಹಾರಿಹೋಗುವುದೂ ಇಲ್ಲ. ವೈನ್ ಜಾಗದಲ್ಲಿ ತಣ್ಣೀರು ಹಾಕಿ, ವಿನೆಗರ್ ಅನ್ನು 100 ಮಿ.ಲೀ.ಗೆ ಏರಿಸಿ. ಹಸಿ ದ್ರಾಕ್ಷಿ ಸಿಕ್ಕಿದ್ದರೆ ಕಿವುಚಿ, ಬಟ್ಟೆಯಲ್ಲಿ ಹಿಂಡಿ, ಆ ರಸವನ್ನೇ ವೈನ್ ಬದಲು ಹಾಕಿ. ರುಚಿಯಲ್ಲಿ ನನಗೆ ಇದೇ ಮೇಲು.

ವಿನೆಗರ್ ಬಗ್ಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಅಗ್ಗಕ್ಕೆ ಸಿಗುವುದು ಸಿಂಥೆಟಿಕ್ ವಿನೆಗರ್, ಅಂದರೆ ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದು. ಬಾಟಲಿಯ ಮೇಲೆ ಹಾಗೆಂದೇ ಬರೆದಿರುತ್ತದೆ. ಗೋಬಿ ಮಂಚೂರಿಗೆ ನಡೆಯುತ್ತದೆ, ಇದಕ್ಕೆ ಬೇಡ. ಸಾಸಿವೆಯಲ್ಲಿ ಇರುವುದೇ ನಾಲ್ಕು ಸಾಮಗ್ರಿ. ಅದರಲ್ಲಿ ಒಂದು ಕೆಟ್ಟದ್ದಾದರೆ ಮುಚ್ಚಿಡಲು ಬೇರೇನೂ ಇಲ್ಲ. ಹುದುಗಿಸಿ ಮಾಡಿದ ವಿನೆಗರ್ ಕೊಳ್ಳಿ.

ಮೊದಲ ಹೆಜ್ಜೆ, ನೆನೆಸುವುದು. ಕಾಳನ್ನು ಕೇರಿ, ಕಲ್ಲು ಆರಿಸಿ. ಗಾಜಿನ ಅಥವಾ ಪಿಂಗಾಣಿ ಪಾತ್ರೆಗೆ ಹಾಕಿ ವೈನ್, ವಿನೆಗರ್, ಉಪ್ಪು ಸೇರಿಸಿ ಮುಚ್ಚಿಡಿ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಬೇಡ, ಹುಳಿ ಅವನ್ನು ತಿನ್ನುತ್ತದೆ. ಒಂದು ದಿನ ಕಳೆದ ಮೇಲೆ ನೋಡಿ. ಕಾಳು ಊದಿಕೊಂಡು ದ್ರವವನ್ನೆಲ್ಲ ಕುಡಿದಿರುತ್ತದೆ, ಮೇಲೆ ಲೋಳೆ ಬಂದಿರುತ್ತದೆ. ಒಣಗಿದಂತೆ ಕಂಡರೆ ಸ್ವಲ್ಪ ತಣ್ಣೀರು ಹಾಕಿ. ಎರಡು ದಿನ ನೆನೆದರೆ ರುಬ್ಬುವುದು ಸುಲಭ. ನಮ್ಮ ಸಾಸಿವೆ ಕಾಳು ಸಣ್ಣದು, ಸಿಪ್ಪೆ ಗಟ್ಟಿ. ಅದಕ್ಕೇ ಈ ಸಮಯದಲ್ಲಿ ಜಿಪುಣತನ ಬೇಡ.

ಎರಡನೆಯದು, ರುಬ್ಬುವುದು. ಮನೆಯಲ್ಲಿ ಒರಳುಕಲ್ಲು ಇದ್ದರೆ ಅದೃಷ್ಟವಂತರು ನೀವು. ಕಲ್ಲು ನಿಧಾನಕ್ಕೆ ತಿರುಗುತ್ತದೆ, ಹಿಟ್ಟು ಬಿಸಿಯಾಗುವುದಿಲ್ಲ. ಫಾಲೋ ಗಿರಣಿಯವರು ಇವತ್ತಿಗೂ ಕಲ್ಲು ಬಿಡದಿರುವುದು ಇದೇ ಕಾರಣಕ್ಕೆ. ದೋಸೆಹಿಟ್ಟಿನ ವೆಟ್ ಗ್ರೈಂಡರ್ ಕೂಡ ಒಳ್ಳೆಯದೇ, ಆದರೆ ಇಷ್ಟು ಕಡಿಮೆ ಕಾಳು ಅದರಲ್ಲಿ ಕಲ್ಲಿಗೆ ಸಿಗದೆ ಅಂಚಿಗೆ ಅಂಟುತ್ತದೆ. ಅದಕ್ಕೆ ಹಾಕುವುದಾದರೆ ಅಳತೆ ಮೂರುಪಟ್ಟು ಮಾಡಿ.

ಹೆಚ್ಚಿನವರ ಹತ್ತಿರ ಇರುವುದು ಮಿಕ್ಸಿ. ಮಿಕ್ಸಿಯ ತೊಂದರೆ ಒಂದೇ, ಬೇಗ ಬಿಸಿಯಾಗುತ್ತದೆ. ಚಟ್ನಿ ಜಾರನ್ನು ಮೊದಲೇ ಫ್ರಿಜ್‌ನಲ್ಲಿಡಿ. ನೆನೆದ ಕಾಳನ್ನೂ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಹತ್ತು ಸೆಕೆಂಡ್ ತಿರುಗಿಸಿ, ನಿಲ್ಲಿಸಿ, ಬದಿಯದನ್ನು ಕೆಳಗೆ ತಳ್ಳಿ, ಮತ್ತೆ ತಿರುಗಿಸಿ. ಜಾರಿನ ಹೊರಗೆ ಕೈ ಇಟ್ಟಾಗ ಬೆಚ್ಚಗಿದ್ದರೆ ಹತ್ತು ನಿಮಿಷ ಬಿಡಿ. ಮುಚ್ಚಳ ತೆಗೆಯುವಾಗ ಮುಖ ಬಗ್ಗಿಸಬೇಡಿ, ಕಿಟಕಿ ತೆರೆದಿರಲಿ. ಘಾಟು ಕಣ್ಣಿಗೆ ಹೊಡೆದರೆ ನಿಜಕ್ಕೂ ಉರಿಯುತ್ತದೆ. ಮಕ್ಕಳನ್ನು ಹತ್ತಿರ ನಿಲ್ಲಿಸಿಕೊಳ್ಳಬೇಡಿ.

ಮೂರನೆಯದು, ಶೋಧಿಸುವುದು. ಇದು ನುಣ್ಣನೆಯ ಡಿಜಾನ್ ಬೇಕು ಎನ್ನುವವರಿಗೆ ಮಾತ್ರ. ರುಬ್ಬಿದ್ದನ್ನು ಸಣ್ಣ ಕಣ್ಣಿನ ಜರಡಿಗೆ ಹಾಕಿ, ಚಮಚದ ಬೆನ್ನಿನಿಂದ ಒತ್ತಿ ಒತ್ತಿ ಕೆಳಗಿಳಿಸಿ. ಕಪ್ಪು ಹೊಟ್ಟು ಮೇಲೆ ಉಳಿಯುತ್ತದೆ, ಹಳದಿ ಪೇಸ್ಟ್ ಕೆಳಗೆ ಬೀಳುತ್ತದೆ. ಕೈ ನೋಯುವ ಕೆಲಸ. ಗಟ್ಟಿಯಾಗಿದ್ದರೆ ಒಂದೆರಡು ಚಮಚ ತಣ್ಣೀರು ಸೇರಿಸಿ. ಹೊಟ್ಟು ಎಸೆಯಬೇಡಿ, ಮಾವಿನಕಾಯಿ ಉಪ್ಪಿನಕಾಯಿಗೆ ಸೇರಿಸಿದರೆ ಚೆನ್ನಾಗಿ ಹೊಂದುತ್ತದೆ.

ಈ ಶ್ರಮ ಬೇಡವೆಂದರೆ ಇನ್ನೊಂದು ದಾರಿ ಇದೆ. ಉಪ್ಪಿನಕಾಯಿಗೆಂದೇ ಸಿಪ್ಪೆ ತೆಗೆದು ಒಡೆದ ಸಾಸಿವೆ ಸಿಗುತ್ತದೆ. ಗುಜರಾತಿ, ಮಾರ್ವಾಡಿ ದಿನಸಿ ಅಂಗಡಿಗಳಲ್ಲಿ ರಾಯಿ ಕುರಿಯಾ ಅಂತ ಕೇಳಿ. ಹುರಿಯದ್ದೇ ಬೇಕು. ಇದನ್ನು ನೆನೆಸಲು ಅರ್ಧ ದಿನ ಸಾಕು, ಶೋಧಿಸುವ ಕೆಲಸವೇ ಇಲ್ಲ, ಬಣ್ಣವೂ ಅಂಗಡಿಯ ಡಿಜಾನ್‌ಗೆ ತುಂಬಾ ಹತ್ತಿರ ಬರುತ್ತದೆ.

ಕಾಳು ಕಾಳಾಗಿರುವ ಆ ಲಾಂಸಿಯೆನ್ ಬೇಕಿದ್ದರೆ ಶೋಧಿಸಲೇಬೇಡಿ. ನೆನೆದ ಕಾಳಿನಲ್ಲಿ ಅರ್ಧವನ್ನು ಮಾತ್ರ ತರಿತರಿಯಾಗಿ ಅರೆದು, ಉಳಿದ ಅರ್ಧವನ್ನು ಹಾಗೇ ಬೆರೆಸಿ. ಹಳದಿ ಸಾಸಿವೆ ಸಿಕ್ಕರೆ ಕಂದಿನ ಜೊತೆ ಸಮ ಪಾಲು ಹಾಕಿ, ಖಾರ ಮೆತ್ತಗಾಗುತ್ತದೆ. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಇದೇ. ಕೆಲಸ ಕಡಿಮೆ, ಕೆಡುವ ಸಾಧ್ಯತೆಯೂ ಕಡಿಮೆ.

ನಾಲ್ಕನೆಯದು, ಕಾಯುವುದು. ರುಬ್ಬಿದ ಕೂಡಲೇ ರುಚಿ ನೋಡಿದರೆ ಗಾಬರಿಯಾಗುತ್ತದೆ. ಕಹಿ, ಒರಟು, ಉಪ್ಪು-ಹುಳಿ ಒಂದಕ್ಕೊಂದು ಹೊಂದಿರುವುದಿಲ್ಲ. ಕೆಟ್ಟಿತು ಅಂದುಕೊಂಡು ಚೆಲ್ಲಬೇಡಿ. ಹಸಿ ಸಾಸಿವೆಗೆ ಆ ಕಹಿ ಸಹಜ, ಅದು ದಿನ ಕಳೆದಂತೆ ಇಳಿಯುತ್ತದೆ. ಒಣಗಿದ ಗಾಜಿನ ಬಾಟಲಿಗೆ ತುಂಬಿ ಮುಚ್ಚಿ, ಎರಡು ದಿನ ಹೊರಗೆ ನೆರಳಿನಲ್ಲಿಡಿ. ಬೆಂಗಳೂರು, ಮೈಸೂರಿನ ಹವೆಗೆ ಇಷ್ಟು ಸರಿ. ರಾಯಚೂರು, ಕಲಬುರಗಿ ಬಿಸಿಲಿಗೆ ಒಂದೇ ದಿನ ಸಾಕು. ಆಮೇಲೆ ಫ್ರಿಜ್‌ಗೆ ಸೇರಿಸಿ. ಒಂದು ವಾರದ ಹೊತ್ತಿಗೆ ತಿನ್ನುವಂತಾಗುತ್ತದೆ, ಎರಡು ವಾರಕ್ಕೆ ಹದಕ್ಕೆ ಬರುತ್ತದೆ. ಸಕ್ಕರೆ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಆಗ, ಮೊದಲೇ ಅಲ್ಲ.

ಹದ ತಪ್ಪಿದರೆ

ತುಂಬಾ ಗಟ್ಟಿಯಾಯಿತೇ? ದಿನ ಕಳೆದಂತೆ ಇನ್ನೂ ಗಟ್ಟಿಯಾಗುತ್ತದೆ. ತಣ್ಣೀರು ಮತ್ತು ವಿನೆಗರ್ ಸಮವಾಗಿ ಬೆರೆಸಿ, ಚಮಚ ಚಮಚವಾಗಿ ಸೇರಿಸಿ. ಮೇಲೆ ನೀರು ನಿಂತಿದ್ದರೆ ಕಲಕಿ, ಅದು ಕೆಟ್ಟದ್ದಲ್ಲ. ಖಾರವೇ ಇಲ್ಲವೆಂದರೆ ಎರಡರಲ್ಲಿ ಒಂದು: ಕಾಳು ಹಳೆಯದು, ಇಲ್ಲವೇ ರುಬ್ಬುವಾಗ ಬಿಸಿಯಾಗಿದೆ. ಅದನ್ನು ಹಿಂದೆ ತರಲಾಗದು. ಆದರೆ ಒಂದು ಉಪಾಯ ಉಂಟು. ಎರಡು ಚಮಚ ಒಣ ಸಾಸಿವೆಯನ್ನು ಹುರಿಯದೆ ಪುಡಿ ಮಾಡಿ, ತಣ್ಣೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಡಿ. ಹುಳಿ ಇಲ್ಲದ ಕಾರಣ ಖಾರ ಜೋರಾಗಿ ಹುಟ್ಟುತ್ತದೆ. ಅದನ್ನು ಬಾಟಲಿಗೆ ಬೆರೆಸಿ. ಇಂಗ್ಲಿಷರು ತಮ್ಮ ಸಾಸಿವೆ ಪುಡಿ ಕಲಸುವುದು ಹೀಗೆಯೇ.

ಫ್ರಿಜ್‌ನಲ್ಲಿ ಎರಡು-ಮೂರು ತಿಂಗಳು ಚೆನ್ನಾಗಿರುತ್ತದೆ. ಉಪ್ಪಿನಕಾಯಿಯ ನಿಯಮವೇ ಇದಕ್ಕೂ: ಒದ್ದೆ ಚಮಚ ಹಾಕಬಾರದು. ತಿಂಗಳುಗಳು ಕಳೆದಂತೆ ಕೆಡುವುದಕ್ಕಿಂತ ಮೊದಲು ಘಾಟು ಇಳಿಯುತ್ತದೆ, ಬಣ್ಣ ಕಂದಾಗುತ್ತದೆ. ಅದಕ್ಕೇ ಸ್ವಲ್ಪ ಸ್ವಲ್ಪವೇ ಮಾಡಿ. ಬೂಸ್ಟು ಕಂಡರೆ ಮಾತ್ರ ಪೂರ್ತಿ ಎಸೆಯಿರಿ. ಸಾಸಿವೆ ಅಲರ್ಜಿ ಇರುವವರು ಇದ್ದಾರೆ. ಯುರೋಪಿನಲ್ಲಿ ಆಹಾರದ ಪೊಟ್ಟಣದ ಮೇಲೆ ಕಡ್ಡಾಯವಾಗಿ ಹೇಳಬೇಕಾದ 14 ಅಲರ್ಜಿ ಪದಾರ್ಥಗಳಲ್ಲಿ ಇದೂ ಒಂದು. ನೆಂಟರಿಗೆ ಬಡಿಸುವಾಗ ಒಂದು ಮಾತು ಕೇಳಿ.

ಫ್ರೆಂಚರು ಇದನ್ನು ತಿನ್ನುವ ಬಗೆ

ತಟ್ಟೆಯ ಅಂಚಿನಲ್ಲಿ ಒಂದು ಚಮಚ ಹಾಕಿಕೊಂಡು, ಬೇಯಿಸಿದ ಮಾಂಸ, ಸಾಸೇಜ್, ಆಲೂಗೆಡ್ಡೆಯ ಜೊತೆ ನಂಚಿಕೊಳ್ಳುತ್ತಾರೆ. ಮಾಂಸ ಮತ್ತು ಗೆಡ್ಡೆಗಳನ್ನು ಗಂಟೆಗಟ್ಟಲೆ ಬೇಯಿಸುವ ಪೊತೋಫೂ ಅನ್ನುವ ಅಡುಗೆಗೆ ಪಕ್ಕದಲ್ಲಿ ಸಾಸಿವೆ ಇರಲೇಬೇಕು. ಮೊಲದ ಮಾಂಸಕ್ಕೆ ಸಾಸಿವೆ ಬಳಿದು ಕೆನೆಯಲ್ಲಿ ಬೇಯಿಸುವುದು ಹೆಸರಾದ ಮನೆ ಅಡುಗೆ. ಬಿಸಿ ಅಡುಗೆಗೆ ಹಾಕುವಾಗ ಒಂದು ನೆನಪಿರಲಿ. ಕುದಿಸಿದರೆ ಘಾಟು ಹಾರಿಹೋಗುತ್ತದೆ, ಹುಳಿ ಮತ್ತು ಘಮ ಮಾತ್ರ ಉಳಿಯುತ್ತವೆ. ಖಾರ ಬೇಕಿದ್ದರೆ ಒಲೆ ಆರಿಸಿದ ಮೇಲೆ ಒಂದು ಚಮಚ ಕಲಸಿ. ಖಾರ ಬೇಡದ ಕಡೆ ಬೇಯಿಸುವುದೇ ಒಳ್ಳೆಯದು. ಟೊಮೆಟೊ ಟಾರ್ಟ್‌ನಲ್ಲಿ ಹಾಗೇ ಮಾಡುತ್ತಾರೆ. ಲಟ್ಟಿಸಿದ ಹಿಟ್ಟಿನ ಮೇಲೆ ತೆಳ್ಳಗೆ ಸಾಸಿವೆ ಬಳಿದು, ಅದರ ಮೇಲೆ ಟೊಮೆಟೊ ಬಿಲ್ಲೆ ಜೋಡಿಸಿ ಓವನ್‌ಗೆ ಇಡುತ್ತಾರೆ.

ಆದರೆ ಸಸ್ಯಾಹಾರಿಗಳ ಮನೆಗೆ ನಿಜವಾಗಿ ಬೇಕಾದದ್ದು ವಿನಿಗ್ರೆಟ್, ಅಂದರೆ ಸಲಾಡ್‌ಗೆ ಹಾಕುವ ಎಣ್ಣೆ-ಹುಳಿಯ ಮಿಶ್ರಣ. ಇದೊಂದು ಕಲಿತರೆ ಬಾಟಲಿ ಮೂಲೆಯಲ್ಲಿ ಕೂರುವುದಿಲ್ಲ. ಬಟ್ಟಲಿಗೆ ಒಂದು ಟೇಬಲ್ ಚಮಚ ವಿನೆಗರ್ ಹಾಕಿ ಚಿಟಿಕೆ ಉಪ್ಪು ಕರಗಿಸಿ. ಎಣ್ಣೆ ಬಿದ್ದ ಮೇಲೆ ಉಪ್ಪು ಕರಗುವುದಿಲ್ಲ, ಹಾಗಾಗಿ ಕ್ರಮ ಮುಖ್ಯ. ಒಂದು ಟೀ ಚಮಚ ಡಿಜಾನ್ ಸಾಸಿವೆ ಸೇರಿಸಿ ಕಲಕಿ. ಆಮೇಲೆ ಮೂರು ಟೇಬಲ್ ಚಮಚ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಕಡೆಯುತ್ತಾ ಹೋಗಿ. ಸಾಸಿವೆಯಲ್ಲಿರುವ ಅಂಟು ಮತ್ತು ಪ್ರೋಟೀನು ಎಣ್ಣೆ-ನೀರನ್ನು ಹಿಡಿದಿಡುತ್ತವೆ. ಮಿಶ್ರಣ ಮಂದವಾಗಿ, ಬೆಳ್ಳಗೆ ಬರುತ್ತದೆ. ಆಲಿವ್ ಎಣ್ಣೆಯೇ ಆಗಬೇಕೆಂದಿಲ್ಲ. ಫ್ರಾನ್ಸಿನ ಎಷ್ಟೋ ಮನೆಗಳಲ್ಲಿ ಕಡಲೆಕಾಯಿ ಎಣ್ಣೆಯನ್ನೇ ಬಳಸುತ್ತಾರೆ. ಗಾಣದ್ದು ಬೇಡ, ವಾಸನೆ ಇಲ್ಲದ ರಿಫೈನ್ಡ್ ಎಣ್ಣೆ ಸಾಕು.

ಇದನ್ನು ಬೆಂದ ಆಲೂಗೆಡ್ಡೆಗೆ ಬಿಸಿಯಿರುವಾಗಲೇ ಹಾಕಿ, ಚೆನ್ನಾಗಿ ಹೀರಿಕೊಳ್ಳುತ್ತದೆ. ಬೇಯಿಸಿದ ಹುರುಳಿಕಾಯಿಗೆ, ಮುದ್ದೆಯಾಗದಂತೆ ಬೇಯಿಸಿದ ಇಡೀ ಮಸೂರಕ್ಕೆ ಹಾಕಿ. ಫ್ರೆಂಚರು ಸೆಲರಿ ಗೆಡ್ಡೆಯನ್ನು ಹಸಿಯಾಗಿ ತುರಿದು, ಸಾಸಿವೆ ಜಾಸ್ತಿ ಹಾಕಿದ ಮಯನೇಸ್‌ನಲ್ಲಿ ಕಲಸಿ ರೆಮುಲಾದ್ ಮಾಡುತ್ತಾರೆ. ಆ ಗೆಡ್ಡೆ ನಮ್ಮಲ್ಲಿ ಸಿಗುವುದು ಕಷ್ಟ. ಎಳೆ ನವಿಲುಕೋಸು ತುರಿದು ಮಾಡಿ, ಅದರ ಮೆಲುಸಿಹಿ ಸಾಸಿವೆಯ ಖಾರಕ್ಕೆ ಸರಿಯಾದ ಜೋಡಿ.

ಬಾಟಲಿಯ ತಳದಲ್ಲಿ, ಗೋಡೆಯಲ್ಲಿ ಅಂಟಿದ್ದು ಚಮಚಕ್ಕೆ ಸಿಗದ ಹೊತ್ತು ಬಂದಾಗ ತೊಳೆಯಬೇಡಿ. ಅದರೊಳಕ್ಕೇ ವಿನೆಗರ್, ಉಪ್ಪು, ಎಣ್ಣೆ ಹಾಕಿ, ಮುಚ್ಚಳ ಬಿಗಿದು ಜೋರಾಗಿ ಅಲ್ಲಾಡಿಸಿ. ಆ ದಿನದ ಸಲಾಡ್‌ಗೆ ಬೇಕಾದಷ್ಟು ವಿನಿಗ್ರೆಟ್ ಅದರಲ್ಲೇ ಸಿದ್ಧ.